ಮೂವತ್ತೆರಡು ಪೌಂಡು

ನನ್ನ ಪಂಕ್ಚರ್ ಅಂಗಡಿಯ ಒಳಗೋಡೆಯ ಮೊಳೆಗೆ ಒಂದು ಗಾಲಿ ತೂಗುಹಾಕಿದ್ದೇನೆ. ಅದು ನಮ್ಮೂರಿನ ನೇಕಾರರ ಮನೆಯ ಹುಡುಗ ಆನಂದನ ಬೈಕಿನ ಹಿಂದಿನ ಗಾಲಿ. ಆನಂದ ರೇಸಿನಲ್ಲಿ ಬಿದ್ದು ಸತ್ತು ಒಂಬತ್ತು ವರ್ಷವಾಯಿತು. ಗಾಡಿ ಗುಜರಿಗೆ ಹೋಯಿತು. ಗಾಲಿಯನ್ನು ಮಾತ್ರ ನಾನು ಕೇಳಿ ಇಟ್ಟುಕೊಂಡೆ. ಅವತ್ತಿನಿಂದ ಅದಕ್ಕೆ ಹವಾ ಹೊಡೆದಿಲ್ಲ.

ಟ್ಯೂಬು ಎಷ್ಟೇ ಚಲೋ ಇರಲಿ, ಸುಮ್ಮನೆ ತೂಗುಹಾಕಿದರೂ ತಿಂಗಳಿಗೆ ಒಂದೆರಡು ಪೌಂಡು ಹವಾ ತಾನಾಗಿ ಇಳಿಯುತ್ತದೆ. ಎರಡು ವರ್ಷ ಬಿಟ್ಟರೆ ಹಳೆಯ ಚೀಲದ ಹಾಗೆ ಜೋತುಬೀಳುತ್ತದೆ. ಬೆಟಗೇರಿಯಲ್ಲಿ ನಲವತ್ತೈದು ವರ್ಷ ಇದೇ ಕೆಲಸ ಮಾಡಿದ್ದೇನೆ, ಇಷ್ಟು ನನಗೆ ಗೊತ್ತು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಆ ಗಾಲಿಗೆ ಹವಾ ಅಳೆಯುವ ಗೇಜು ಹಚ್ಚಿ ನೋಡುತ್ತೇನೆ. ಹಚ್ಚುವಾಗ ಚೂರು ಹವಾ ಫುಸ್ಸೆಂದು ಹೊರಗೂ ಹೋಗುತ್ತದೆ. ಆದರೂ ಮುಳ್ಳು ಹೋಗಿ ನಿಲ್ಲುವುದು ಮೂವತ್ತೆರಡಕ್ಕೇ. ಗೇಜು ಕೆಟ್ಟಿರಬೇಕೆಂದು ಮೂರು ಗೇಜು ಬದಲಿಸಿದೆ. ಮೂರೂ ಅದನ್ನೇ ತೋರಿಸಿದವು.

ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಆ ಗಾಲಿಯನ್ನು ಯಾಕೆ ಇಟ್ಟುಕೊಂಡಿದ್ದೀ ಎಂದು ಕೇಳುತ್ತಾರೆ.

ಈ ಮಾರ್ಚಿನಲ್ಲಿ ಒಂದು ಸೋಮವಾರ ಆನಂದನ ತಂಗಿ ಸಪ್ನಾ ಅಂಗಡಿಯ ಮುಂದೆ ಗಾಡಿ ತಂದು ನಿಲ್ಲಿಸಿದಳು. ಅಣ್ಣ ಹೋದಾಗ ಅವಳಿಗೆ ಹದಿನೈದು. ಈಗ ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಾಳೆ.

"ಚಾಚಾ, ಎಚ್ಚರ ಅದೀರೋ, ಕುಂತಲ್ಲೇ ಮಲಗೀರೋ?"

"ಕಣ್ಣು ಮುಚ್ಚಿದ್ರ ಮಲಗಿದಂಗೇನ ಮಗಳ? ಕಿವಿ ತೆರದ ಅದಾವ. ನಿನ್ನ ಗಾಡಿ ಚೈನು ಹಿಟ್ಟಿನ ಗಿರಣಿ ನಡದಂಗ ಸಪ್ಪಳಾ ಮಾಡಾಕತ್ತೈತಿ."

"ಚೈನು ನಾ ನೋಡಕೋತೀನಿ, ನೀವು ಹವಾ ನೋಡ್ರಿ. ಬರೂ ಐತವಾರ ಲಕ್ಷ್ಮೇಶ್ವರದಾಗ ರೇಸ್ ಐತಿ. ಹೆಸರು ಬರಸೀನಿ. ಹೆಣ್ಮಕ್ಕಳೊಳಗ ನಾನೊಬ್ಬಾಕಿನ."

ಲಕ್ಷ್ಮೇಶ್ವರದಿಂದ ಶಿಗ್ಲಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ಬಯಲಿದೆ. ಗ್ಯಾರೇಜಿನ ಹುಡುಗರು ಸೇರಿ ವರ್ಷಕ್ಕೊಮ್ಮೆ ಅಲ್ಲಿ ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ಹಾಕಿ ದುಂಡನೆಯ ಹಾದಿ ಮಾಡಿ ಬೈಕಿನ ರೇಸು ನಡೆಸುತ್ತಾರೆ. ಎಂಟು ಸುತ್ತು. ಆನಂದ ಬಿದ್ದದ್ದು ಅಲ್ಲಿಯೇ.

"ನಿಮ್ಮವ್ವಗ ಗೊತ್ತೈತೇನು?"

"ಗೊತ್ತೈತಿ. ಮೂರು ದಿನಾ ಮಾತಾಡಲಿಲ್ಲ. ನಾಕನೇ ದಿನಾ ನನ್ನ ಹೆಲ್ಮೆಟ್ಟಿನ ಒಳಗಿನ ಅರಬಿ ತಾನ ತಗದು ಒಗದು ಹಾಕಿದ್ಲು."

ಗಾಡಿಯ ಮುಂದೆ ಬಿಳಿ ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಅವಳ ನಂಬರು ಬರೆದಿತ್ತು. ಮೂವತ್ತೆರಡು. ನಾನು ತಿರುಗಿ ಗೋಡೆಯ ಗಾಲಿ ನೋಡಿದೆ.

"ಇದ್ಯಾಕ ಈ ನಂಬರ ಹಾಕಿಸಿದಿ?"

"ಅಣ್ಣನ ಹವಾದ ನಂಬರ. ಅವತ್ತು ಮುಂಜಾನೆ ಹೊಂಡೂ ಮುಂದ ನನಗ ಹೇಳಿದ್ದ, 'ಚಾಚಾ ಹಿಂದಿನ ಗಾಲಿಗೆ ಮೂವತ್ತೆರಡು ಇಟ್ಟಾರ, ಗಾಡಿ ಹೂವಿನಂಗ ಹೊಂಟೈತಿ' ಅಂತ. ಅವನ ಮಾತು ನನ್ನ ಕಡೆ ಉಳದಿದ್ದು ಅಷ್ಟ. ನನಗೂ ಅಷ್ಟ ಹೊಡೀರಿ. ಅಂವಾ ಮೂರಕ್ಕ ಬಿಟ್ಟ ಸುತ್ತು ನಾ ಎಂಟಕ್ಕ ಮುಗಸ್ತೀನಿ."

ಪೈಪು ತೆಗೆದುಕೊಂಡು ವಾಲ್ವಿಗೆ ಹಚ್ಚಿದೆ. ಹತ್ತು, ಹದಿನೈದು, ಇಪ್ಪತ್ತು. ಅಲ್ಲಿಗೆ ಕೈ ನಿಂತಿತು. ಮುಂದೆ ಒತ್ತಲು ಆಗಲಿಲ್ಲ.

"ಯಾಕ ನಿಂದ್ರಿಸಿದ್ರಿ? ಕರೆಂಟು ಹೋತೇನು?"

ಕರೆಂಟು ಇತ್ತು. ಒಂಬತ್ತು ವರ್ಷ ಸುಮ್ಮನಿದ್ದವನು ಇನ್ನೂ ಸುಮ್ಮನಿದ್ದರೆ ಈ ಹುಡುಗಿ ಅದೇ ಹವಾದ ಮೇಲೆ ಅದೇ ತಿರುವಿಗೆ ಹೋಗುತ್ತಾಳೆ. ಪೈಪು ಕೆಳಗಿಟ್ಟು ಹೇಳಿದೆ.

ಅವತ್ತು ನಾನೂ ಲಕ್ಷ್ಮೇಶ್ವರಕ್ಕೆ ಹೊರಟಿದ್ದೆ. ಬಸ್ಸಿಗೆ ಯಾಕೆ, ನನ್ನ ಹಿಂದೆ ಕೂಡ್ರಿ ಎಂದ ಆನಂದ. ಡಾಂಬರು ರಸ್ತೆ, ನಲವತ್ತು ಕಿಲೋಮೀಟರು, ಇಬ್ಬರ ಭಾರ. ಅದಕ್ಕೆಂದೇ ಹಿಂದಿನ ಗಾಲಿಗೆ ಮೂವತ್ತೆರಡು ಹೊಡೆದೆ. ಬಯಲು ಮುಟ್ಟಿದ ಮೇಲೆ ಅದನ್ನು ಇಳಿಸಬೇಕಿತ್ತು. ಅಲ್ಲಿ ಕೆಳಗೆ ಗಟ್ಟಿ ನೆಲ, ಮೇಲೆ ಸಡಿಲ ಗರಸು. ಬಿರುಸಾದ ಟೈರು ಅದರ ಮೇಲೆ ಜೋಳದ ಕಾಳಿನ ಮೇಲೆ ಕಾಲಿಟ್ಟ ಹಾಗೆ ಜಾರುತ್ತದೆ. ಹವಾ ಕಡಿಮೆ ಇದ್ದರೆ ಟೈರು ಅಗಲವಾಗಿ ಕೂತು ನೆಲ ಹಿಡಿಯುತ್ತದೆ. ಇದನ್ನು ಅವನಿಗೆ ಕಲಿಸಿದವನೇ ನಾನು. ಅವತ್ತು ಮರೆತೆ. ಗೇಜನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದೆ, ನನ್ನ ಹೆಬ್ಬೆರಳಿಗಿಂತ ದೊಡ್ಡ ಗೇಜು ಯಾವುದು ಎಂಬ ಸೊಕ್ಕಿನಲ್ಲಿ. ಗಾಡಿ ಸಾಲಿಗೆ ನಿಲ್ಲುವಾಗ ಆನಂದ ಕೇಳಿದ, "ಚಾಚಾ, ಹವಾ ಬರೋಬ್ಬರಿ ಐತೇನ್ರಿ?" ಸುತ್ತಲೂ ಹತ್ತು ಮಂದಿ ನೋಡುತ್ತಿದ್ದರು. ಹೆಬ್ಬೆರಳು ಒತ್ತಿದೆ. ಕಲ್ಲಿನ ಹಾಗಿತ್ತು. ರಸ್ತೆಯ ಬಿಸಿಗೆ ಹಾಗಾಗಿದೆ ಅಂದುಕೊಂಡೆ. "ಬರೋಬ್ಬರಿ ಐತಿ, ಮುಟ್ಟಬ್ಯಾಡ" ಅಂದೆ.

ಮೂರನೆಯ ಸುತ್ತಿನಲ್ಲಿ ಶಿಗ್ಲಿ ಕಡೆಯ ತಿರುವಿನಲ್ಲಿ ಹಿಂದಿನ ಗಾಲಿ ಜಾರಿತು. ಅಲ್ಲಿ ಹೊಲದ ಒಡ್ಡಿನ ಕಲ್ಲುಗಳಿದ್ದವು. ನಾನು ಗಾಡಿಯಿಂದ ಇಳಿದಿದ್ದೆ, ನನ್ನ ಭಾರ ಟೈರಿನೊಳಗೆ ಉಳಿದಿತ್ತು.

ಸಪ್ನಾ ಗೋಡೆಯ ಕಡೆ ತಿರುಗಿದಳು. ಗೋಡೆಯ ಗಾಲಿ ಯಾವುದೆಂದು ಅವಳಿಗೆ ಹೇಳಬೇಕಾಗಲಿಲ್ಲ. ಗೇಜು ತೆಗೆದುಕೊಂಡು ಹೋಗಿ ಹಚ್ಚಿದಳು, ಮೂವತ್ತೆರಡು ನೋಡಿದಳು, ಮತ್ತೊಮ್ಮೆ ಹಚ್ಚಿದಳು. ಬಂದು ಗೇಜನ್ನು ನನ್ನ ಮುಂದಿಟ್ಟಳು.

"ಕುಡದು ಗಾಡಿ ಹೊಡದ ಅಂದ್ರು ಊರಾಗ. ಒಂಬತ್ತು ವರ್ಷ ನಮ್ಮವ್ವ ಮಂದಿ ಬಾಯಾಗ ಕುಡಕನ ತಾಯಿ ಆಗ್ಯಾಳ್ರಿ. ನೀವು ಹಬ್ಬಕ್ಕೊಮ್ಮೆ ಡಬ್ಬಿ ತುಂಬ ಸುರಕುಂಬಾ ಪಾಯಸಾ ಕಳಿಸಿದ್ರಿ. ಒಂದ ಮಾತು ಕಳಿಸಲಿಲ್ಲ."

"ಹೌದ ಮಗಳ."

"ಅವ್ವನ ಮುಂದ ಹೇಳ್ರಿ. ಆಮ್ಯಾಲ ನನ್ನ ಗಾಡಿ ಮುಟ್ರಿ."

ಆಗಲೇ ಅಂಗಡಿಯ ಬಾಗಿಲು ಎಳೆದು ಅವಳ ಸಂಗಡ ಹೋದೆ. ಅವರ ಮನೆಯಲ್ಲಿ ಈಗ ಮಗ್ಗವಿಲ್ಲ. ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಮೇಲೆ ಕೂತು ಅವಳ ತಾಯಿ ಚಂದ್ರವ್ವ ಯಾರದೋ ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಿದ್ದಳು. ನಾನು ಹೇಳುವಷ್ಟು ಹೊತ್ತೂ ಅವಳ ಬೆರಳು ನಿಲ್ಲಲಿಲ್ಲ. ಹೇಳಿ ಮುಗಿಸಿದ ಮೇಲೆ ಇನ್ನೆರಡು ಕುಚ್ಚು ಕಟ್ಟಿದಳು.

"ಹಂಗಾರ ಕುಡದಿದ್ದಿಲ್ಲ."

"ಇಲ್ಲ ತಂಗಿ. ಶಿರಹಟ್ಟ್ಯಾಗ ಇಳದು ಇಬ್ರೂ ಚಾ ಕುಡದಿದ್ವಿ. ಅಷ್ಟ."

"ಅದನ್ನ ಓಣ್ಯಾಗ ನಿಂತು ಹೇಳ್ತೀರೇನ್ರಿ ಅಣ್ಣಾರ?"

"ಹೇಳ್ತೀನಿ."

ಹೇಳಿದೆ ಕೂಡ, ಮರುದಿನ ಮುಂಜಾನೆ ನಳದ ಹತ್ತಿರ ಎಲ್ಲರೂ ಕೂಡಿದ್ದಾಗ. ಆದರೆ ಆ ಮಧ್ಯಾಹ್ನ ಚಂದ್ರವ್ವ ಇನ್ನೊಂದು ಮಾತು ಕೇಳಿದಳು. ಸೂಜಿಯನ್ನು ಸೀರೆಗೆ ಚುಚ್ಚಿಟ್ಟು, ಮೊದಲ ಸಲ ನನ್ನ ಮುಖ ನೋಡಿದಳು.

"ಬೀಳೂ ಮೊದಲ ಅವಂಗ ಗೊತ್ತಾಗಿತ್ತೇನ್ರಿ?"

ನನ್ನ ಹೆಂಡತಿ ಖೈರುನಬಿಗೂ ಹೇಳಿರದ ಮಾತನ್ನು ಆಗ ಹೇಳಿದೆ. ನಾನು ಆ ತಿರುವಿನಲ್ಲೇ ನಿಂತಿದ್ದೆ. ಎರಡನೆಯ ಸುತ್ತಿನಲ್ಲಿ ಆನಂದ ನನ್ನ ಮುಂದೆ ಹಾಯುವಾಗ ಎಡಗೈ ಎತ್ತಿದ. ಎತ್ತಿ ಹಿಂದಕ್ಕೆ, ಗಾಲಿಯ ಕಡೆ ತೋರಿಸಿದ. ನನಗೆ ಕೈ ಬೀಸುತ್ತಿದ್ದಾನೆ ಎಂದುಕೊಂಡು ನಾನೂ ನಕ್ಕು ಕೈ ಎತ್ತಿದೆ. ಎಲ್ಲ ಸರಿಯಿದೆ, ಹೋಗು ಎಂದು ನಾನೇ ಹೇಳಿದ ಹಾಗಾಯಿತು.

ಸಪ್ನಾ ಎದ್ದು ಹಿತ್ತಲಿಗೆ ಹೋದಳು. ಚಂದ್ರವ್ವ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಐತವಾರ ನಾನೂ ಬರ್ತೀನಿ. ಆ ತಿರುವಿನ್ಯಾಗ ಇಬ್ರೂ ನಿಂದರೂಣು. ಈಕಿ ಕೈ ಎತ್ತಿದ್ಲಂದ್ರ ನೀವು ಕೈ ಎತ್ತಬ್ಯಾಡ್ರಿ ಅಣ್ಣಾರ. ಓಡ್ರಿ."

ಗುರುವಾರ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಯಲಿಗೆ ಹೋದೆವು. ಟೈರು ನೆಲ ಮುಟ್ಟುವ ಮೈಯಿಂದ ಪಕ್ಕದವರೆಗೆ ಸೀಮೆಸುಣ್ಣದ ಗೆರೆ ಎಳೆದು ಸಪ್ನಾಳನ್ನು ಎರಡೆರಡು ಸುತ್ತು ಬಿಟ್ಟೆ; ಗೆರೆ ಅಳಿಸಿದಷ್ಟು ಅಗಲ ಟೈರು ನೆಲ ಹಿಡಿದಿದೆ ಎಂದರ್ಥ. ಇಪ್ಪತ್ತನಾಲ್ಕಕ್ಕೆ ಗೆರೆ ನಡುವೆ ಮಾತ್ರ ಅಳಿಸಿತ್ತು, ಹಿಂಭಾಗ ತಿರುವಿನಲ್ಲಿ ಬಾಲದ ಹಾಗೆ ಆಡುತ್ತಿತ್ತು. ಹದಿನಾರಕ್ಕೆ ಗೆರೆಯೆಲ್ಲ ಅಳಿಸಿತು, ಆದರೆ ಟೈರು ರಿಮ್ಮಿನ ಮೇಲೆ ಸರಿದು ವಾಲ್ವು ಓರೆಯಾಗಿ ನಿಂತಿತು. ಇನ್ನೆರಡು ಸುತ್ತಿಗೆ ಅದು ಕಿತ್ತು ಬರುತ್ತಿತ್ತು. ಹದಿನೆಂಟು, ಇಪ್ಪತ್ತು ನೋಡಿದೆವು. ಕಡೆಗೆ ಹತ್ತೊಂಬತ್ತಕ್ಕೆ ಬಂದೆವು. ಅದನ್ನೂ ಮುಂಜಾನೆಯ ತಂಪಿನಲ್ಲಿ ಇಡಬಾರದು, ಬಿಸಿಲಿಗೆ ಎರಡು ಮೂರು ಪೌಂಡು ಏರುತ್ತದೆ. ಸಾಲಿಗೆ ನಿಲ್ಲುವ ಮುಂಚೆಯೇ ಇಡಬೇಕು.

"ಹೆಂಗೈತಿ ಮಗಳ?"

"ನೆಲಾ ಹಿಡೀತೈತಿ." ಆ ದಿನ ಅವಳು ನನ್ನ ಜೊತೆ ಆಡಿದ್ದು ಅಷ್ಟೇ.

ಮರುದಿನ ಶುಕ್ರವಾರ. ಗೋಡೆಯ ಗಾಲಿಗೆ ಗೇಜು ಹಚ್ಚಿದೆ. ಹೇಳಿದ್ದರಿಂದ ಒಂದು ಪೌಂಡೂ ಇಳಿದಿರಲಿಲ್ಲ.

ಭಾನುವಾರ ಎರಡು ಗಂಟೆಯ ಬಿಸಿಲಿನಲ್ಲಿ, ಗಾಡಿಗಳು ಸಾಲಿಗೆ ನಿಲ್ಲುವ ಹೊತ್ತಿಗೆ, ನಾನೇ ಗೇಜು ಹಿಡಿದು ಹತ್ತೊಂಬತ್ತಕ್ಕೆ ಇಟ್ಟೆ. ಹೋಗಿ ಶಿಗ್ಲಿ ತಿರುವಿನಲ್ಲಿ ನಿಂತೆ. ಚಂದ್ರವ್ವ ನನ್ನ ಪಕ್ಕದಲ್ಲಿ, ತಲೆಯ ಮೇಲೆ ಸೆರಗು. ಅಲ್ಲಿ ಕೆಂಪು ಬಾವುಟ ಹಿಡಿದ ಒಬ್ಬ ಹುಡುಗನಿದ್ದ. ಹನ್ನೊಂದು ಗಾಡಿ. ಸಪ್ನಾ ಮೊದಲ ಸುತ್ತಿಗೆ ಆರನೆಯವಳು, ಮೂರಕ್ಕೆ ನಾಲ್ಕನೆಯವಳು. ಮೂರು ದಾಟಿತು ಎಂದು ಚಂದ್ರವ್ವ ಉಸಿರು ಬಿಟ್ಟಳು. ಐದಕ್ಕೆ ಎರಡನೆಯವಳು. ಗಾಲಿ ನೆಲವನ್ನು ಕಚ್ಚಿಕೊಂಡು ಬರುತ್ತಿತ್ತು.

ಆರನೆಯ ಸುತ್ತಿನಲ್ಲಿ ಧೂಳಿನೊಳಗಿಂದ ಅವಳ ಗಾಡಿ ಬಂತು. ಎಡಗೈ ಮೇಲೆದ್ದಿತು. ಎದ್ದು ಹಿಂದಕ್ಕೆ, ಗಾಲಿಯ ಕಡೆ ತೋರಿಸಿತು.

ಹುಡುಗನ ಕೈಯಿಂದ ಬಾವುಟ ಕಿತ್ತುಕೊಂಡು ಓಡಿದೆ. ಎಪ್ಪತ್ತು ದಾಟಿದ ಕಾಲು ಹೇಗೆ ಓಡಿದವೋ ತಿಳಿಯದು. ಹಾದಿಯ ನಡುವೆ ನಿಂತು ಬೀಸಿದೆ. ಹಿಂದಿನ ಗಾಡಿಗಳು ಅಡ್ಡಾದಿಡ್ಡಿ ನಿಂತವು, ಒಬ್ಬ ಸವಾರ ಕಿರುಚಿದ.

"ಏ ಮುದುಕಾ! ಸಾಯಾಕ ಬ್ಯಾರೆ ಜಾಗಾ ಸಿಗಲಿಲ್ಲೇನು?"

ರೇಸು ನಿಂತಿತು. ಮತ್ತೆ ಶುರು ಮಾಡಲು ಯಾರೂ ಒಪ್ಪಲಿಲ್ಲ, ಅರ್ಧ ಮಂದಿ ಮನೆಗೆ ಹೊರಟರು. ಸಪ್ನಾ ಹೆಲ್ಮೆಟ್ ಕಿತ್ತು ಓಡಿ ಬಂದಳು.

"ಏನಾತ್ರಿ ಚಾಚಾ? ಇನ್ನ ಎರಡ ಸುತ್ತು ಇತ್ತಲ್ರಿ!"

"ಕೈ ಎತ್ತಿದ್ಯಲ್ಲ ಮಗಳ."

"ನಾ ಎಲ್ಲಿ ಎತ್ತಿದೆ? ಆ ತಿರುವಿನ್ಯಾಗ ಒಂದ ಕೈಲೆ ಗಾಡಿ ಹಿಡಿಯಾಕ ಆಗತೈತೇನ್ರಿ? ನನ್ನ ಎರಡೂ ಕೈ ಹ್ಯಾಂಡಲ್ ಮ್ಯಾಲ ಇದ್ದುವು."

ಬಗ್ಗಿ ಹಿಂದಿನ ಗಾಲಿ ನೋಡಿದೆ. ವಾಲ್ವು ನೆಟ್ಟಗಿತ್ತು, ಟೈರಿನಲ್ಲಿ ಏನೂ ದೋಷವಿರಲಿಲ್ಲ. ಅವಳ ಎಂಟು ಸುತ್ತನ್ನು ನಾನು ಹಾಳು ಮಾಡಿದ್ದೆ. ಬಾವುಟ ಹಿಡಿದುಕೊಂಡೇ ಅಲ್ಲಿ ಕುಕ್ಕರಿಸಿದೆ. ಅಷ್ಟರಲ್ಲಿ ಚಂದ್ರವ್ವ ಮೆಲ್ಲಗೆ ನಡೆದು ಬಂದಳು.

"ಅವರನ್ನ ಬೈಬ್ಯಾಡ," ಅಂದಳು. "ನಾನೂ ನೋಡಿದೆ."

"ಏನ ನೋಡಿದಿ ಯವ್ವಾ?"

ಚಂದ್ರವ್ವ ಮಗಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ತಿರುವಿನ ಕಡೆ ಮುಖ ಮಾಡಿ ನಿಂತಳು. ಅಲ್ಲಿ ಧೂಳು ಇನ್ನೂ ಇಳಿಯುತ್ತಿತ್ತು. ಅವಳು ಕಂಡದ್ದು ಯಾರ ಕೈ ಎಂದು ನಾನೂ ಕೇಳಲಿಲ್ಲ.