ಉತ್ತು ಹಾಕಿದ ದಾರಿ

ಫ್ಯಾನು ತಿರುಗುತ್ತಿದೆ, ಗಾಳಿ ಮಾತ್ರ ಇಲ್ಲ, ಹುಣಸೂರು ಕೋರ್ಟಿನ ಈ ಫ್ಯಾನಿಗೆ ಬರೀ ಸದ್ದು ಮಾಡುವುದೇ ಕೆಲಸ, ಹದಿನಾಲ್ಕನೇ ಕೇಸು ಕೂಗಿದರು, ನಮ್ಮದು ಹತ್ತೊಂಬತ್ತು, ಆಮೇಲೆ ನಾನು ಎದ್ದು ನಿಂತು, ಆ ಮೂಲೆಯಲ್ಲಿ ಸೆರಗು ಹೊದ್ದು ಕೂತಿರುವ ಅಜ್ಜಿ ಚಿಕ್ಕಬೀರಮ್ಮ ಸುಳ್ಳು ಹೇಳುತ್ತಿದ್ದಾಳೆಂದು ತೋರಿಸಬೇಕು, ನನ್ನ ಮೊದಲ ಪಾಟೀಸವಾಲು — ಬಸವರಾಜನ ಹೊಲದಲ್ಲಿ ನನ್ನ ಬಾವಿಗೆ ದಾರಿಯಿತ್ತು, ಉತ್ತುಬಿಟ್ಟ ಅಂತ ಅವಳ ದಾವೆ, ಅಲ್ಲಿ ದಾರಿ ಎಂದೂ ಇರಲಿಲ್ಲ ಅಂತ ನನ್ನ ಕಕ್ಷಿದಾರ ಬಸವರಾಜಣ್ಣ, ಆ ಉತ್ತರ ಟೈಪು ಮಾಡಿಸಿದವಳು ನಾನೇ, ಎಂದೂ ಅನ್ನುವುದನ್ನು ಎರಡು ಸಲ ಹಾಕಿಸಿ, ಜಂಬ ಬೇರೆ. ಊರಿನ ಸರ್ವೆ ನಕ್ಷೆಯಲ್ಲಿ ದಾರಿಯಿಲ್ಲ, ಗೆದ್ದೆ ಅಂದುಕೊಂಡಿದ್ದೆ, ನನ್ನ ಸೀನಿಯರ್ ನೀಲಾಂಬಿಕೆ ಮೇಡಂ ಕನ್ನಡಕ ಹಣೆಗೇರಿಸಿ, ಪವಿತ್ರಾ, ಕಾಯಿದೆ ಪುಸ್ತಕ ಆಮೇಲೆ ತೆಗಿ ಕಣಮ್ಮ, ಮೊದ್ಲು ಆ ಅಜ್ಜಿಗೆ ನೀನೇ ವಕೀಲೆಯಾಗು, ನಿನ್ನ ಕಕ್ಷಿದಾರ ಎಲ್ಲಿ ಸೋಲ್ತಾನೆ ಹುಡುಕು, ಕಾಗದದಲ್ಲಿ ಸಿಗದಿದ್ರೆ ಹೊಲಕ್ಕೆ ಹೋಗು, ಚಪ್ಪಲಿ ಬಿಟ್ಟು ನಡಿ ಅಂದರು — ಚಪ್ಪಲಿಯಂತೆ! ಐದು ವರ್ಷ ಕಾನೂನು ಓದಿದ್ದು ಇದಕ್ಕಾ ಅಂತ ಗೊಣಗಿಕೊಂಡೇ ನಿನ್ನೆ ಬೆಳಿಗ್ಗೆ ಗಾವಡಗೆರೆ ಬಸ್ಸು ಹತ್ತಿದ್ದೆ.

ಅಬ್ಬಬ್ಬಾ, ಹೇಗೆ ಹೇಳಲಿ, ಹೊಲದ ತುಂಬ ಸೊಂಟದುದ್ದ ರಾಗಿ, ತೆನೆ ಬಾಗಿ ನಿಂತಿದೆ, ನಡುವೆ ಎರಡೇ ಅಡಿ ಅಗಲಕ್ಕೆ ಮೊಣಕಾಲುದ್ದ, ಬೇಲಿಯಿಂದ ಅಜ್ಜಿಯ ಬಾವಿಯವರೆಗೂ, ಬಂಡೆ ಬಂದಲ್ಲಿ ಬಳಸಿಕೊಂಡು, ಥೇಟ್ ಜನ ನಡೆಯುವ ಹಾಗೆ, ಕಾಲಿಟ್ಟೆ, ಅಕ್ಕಪಕ್ಕ ಮೆತ್ತಗೆ, ಅಲ್ಲಿ ಗಟ್ಟಿ, ಟ್ರ್ಯಾಕ್ಟರ್ ಹೊಡೆಸಿದ ಮೇಲೂ ಗಟ್ಟಿ, ರಾಗಿಯ ಬೇರೂ ಇಳಿದಿಲ್ಲ, ಎಷ್ಟು ವರ್ಷ, ಎಷ್ಟು ಪಾದ, ಅದುವರೆಗೆ ಯಾವ ಸಾಕ್ಷಿಯ ಮುಂದೂ ನನಗೆ ಕೈಮುಗಿಯಬೇಕು ಅನ್ನಿಸಿರಲಿಲ್ಲ. ಚೇಂಬರಿನಲ್ಲಿ ಕೂತ ಮೇಡಂಗೆ ಇದು ಹೇಗೆ ಗೊತ್ತಿತ್ತು! ದಾರಿ ಹೋದ ಮೇಲೆ ಕೆರೆ ಏರಿ ಸುತ್ತಿ ಬಾವಿಗೆ ಹೋಗುವ ಇದೇ ಅಜ್ಜಿ, ತಲೆ ಮೇಲೆ ಹುಲ್ಲಿನ ಹೊರೆ, ಏರಿ ಮೇಲಿಂದಲೇ ನನ್ನ ಕೈಯಲ್ಲಿದ್ದ ಚಪ್ಪಲಿ ಕಂಡು, ನಾನು ಯಾರೆಂದು ತಿಳಿಯದೆ, ಬರಿಗಾಲಲ್ಲಿ ಯಾಕವ್ವ ನಡೀತೀಯೆ, ಮುಳ್ಳು ಅವೆ ಕಣವ್ವ ಅಂತ ಕೂಗಿದಳು, ನಾಚಿಕೆಯಾಯಿತು.

ಹದಿನೇಳು ಕೂಗಿದರು. ಎದುರು ವಕೀಲರು ಹೊಲಕ್ಕೆ ಹೋದವರಲ್ಲ, ಅವರ ಬೂಟು ನೋಡಿದರೇ ಗೊತ್ತು, ನಾನು ನಾಲ್ಕು ಗಡುಸು ಪ್ರಶ್ನೆ ಕೇಳಿದರೆ ಅಜ್ಜಿ ತಡವರಿಸುತ್ತಾಳೆ, ನಾನು ಗೆಲ್ಲುತ್ತೇನೆ, ಅವಳು ಸಾಯುವ ತನಕ ಏರಿ ಸುತ್ತುತ್ತಾಳೆ, ಥೂ — ಮೊದಲ ಪಾಟೀಸವಾಲು ನಿನ್ನ ಕಕ್ಷಿದಾರನಿಗೇ ಮಾಡು ಅಂತಲೂ ಮೇಡಂ ಹೇಳಿದ್ದರಲ್ಲ, ಪಕ್ಕದಲ್ಲಿರುವ ಬಸವರಾಜಣ್ಣನ ಕಿವಿಗೆ ಬಾಗುತ್ತೇನೆ, ಅಣ್ಣಾ, ನಿಮ್ಮ ರಾಗಿ ನಡುವೆ ಯಾಕೆ ಗಿಡ್ಡ? ಗೊಬ್ಬರ ಸಾಲ್ದು ಕಣಮ್ಮ. ಎರಡೇ ಅಡಿಗಾ, ಬಾವಿಯವರೆಗೂ? ಹದಿನೆಂಟು. ಟವೆಲ್ಲಿನಿಂದ ಬಾಯಿ ಒರೆಸಿಕೊಂಡ, ಅಜ್ಜಿಯ ಕಡೆ ನೋಡಿದ, ಸತ್ತೋದ ನಮ್ಮವ್ವನೂ ಆ ದಾರೀಲೇ ನೀರು ಹೊತ್ತಿದ್ಲು ಕಣಮ್ಮ, ಇವ್ರಿಬ್ರೂ ಒಟ್ಗೇ ಓಯ್ತಿದ್ರು, ಒಬ್ರಿಂದೆ ಒಬ್ರು... ರಾಜಿ ಅಂತ ಹೇಳ್ಲಾ ಅಣ್ಣಾ? ಹೇಳ್ಬುಡಮ್ಮ, ದಾರಿ ಬುಟ್ಬುಡ್ತೀನಿ. ಹತ್ತೊಂಬತ್ತು, ಎದ್ದೆ, ಪಾಟೀಸವಾಲು ಇದೆಯೇನಮ್ಮ ಅಂತ ನ್ಯಾಯಾಧೀಶರು, ಇಲ್ಲ ಸ್ವಾಮಿ, ನಮ್ಮ ಕಕ್ಷಿದಾರರು ದಾರಿ ಬಿಡುತ್ತಾರೆ — ಕಣ್ಣ ಮುಂದೆ ಎರಡು ಬಿಂದಿಗೆ, ಬಂಡೆ ಬಳಸಿಕೊಂಡು, ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು