ನಲವತ್ತು ಕುರ್ಚಿಯ ಕರಾರು

"ರಾಣಿ ಅಂತ ಹೆಸರಿಟ್ಕೊಂಡ್ರೆ ಸಿಂಹಾಸನ ಕೊಡ್ಬೇಕೇನೇ? ಬಸುರಿ ಆಗು ಅಂತ ಕಂಪ್ನಿ ಹೇಳಿತ್ತಾ?"

ಮ್ಯಾನೇಜರ್ ಗುರುರಾಜ್ ಎಲ್ಲರೆದುರೇ ಉಗಿದ. ಏಳು ತಿಂಗಳ ಹೊಟ್ಟೆ ಹೊತ್ತ ರಾಣಿ ಕೇಳಿದ್ದು ಒಂದು ಸ್ಟೂಲು ಅಷ್ಟೆ. ಪೀಣ್ಯದ ಆ ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ನಲವತ್ತು ಹೆಂಗಸರು ದಿನವಿಡೀ ನಿಂತೇ ಇರಬೇಕು.

ಮರುದಿನ ಬಂದು ನೋಡಿದರೆ ಸಾಲಾಗಿ ನಲವತ್ತು ಕೆಂಪು ಕುರ್ಚಿ! ರಾಣಿಯ ಕಣ್ಣು ತುಂಬಿ ಬಂತು.

"ನಿಂಗಲ್ಲ ಕಣೇ, ಇವತ್ತು ನೋಡಾಕ್ ಬರೋ ಅಂಗಿ ಕೊಳ್ಳೋ ಜರ್ಮನಿಯೋನ್ಗೆ," ಅಂದಳು ಪಕ್ಕದ ಚಿಕ್ಕಮುನಿಯಮ್ಮ. "ಎಂಗಸ್ರು ಕುಂತ್ಕಂಡೇ ಕೆಲ್ಸ ಮಾಡ್ಬೇಕು ಅಂತ ಅಗ್ರಿಮೆಂಟ್ನಾಗೆ ಬರ್ದವ್ರಂತೆ. ಇಲ್ದಿದ್ರೆ ಮೂವತ್ ಸಾವ್ರ ಅಂಗಿ ವಾಪಸ್ಸು."

ಕುರ್ಚಿಗಳು ಬಾಡಿಗೆಯವು. ಒರಗುವ ಕಡೆಯೇ ಶಾಮಿಯಾನ ಅಂಗಡಿಯ ಹೆಸರು, ಫೋನ್ ನಂಬರು, ದಪ್ಪ ಇಂಗ್ಲಿಷ್ ಅಕ್ಷರದಲ್ಲಿ.

"ಒರಗ್ಕೊಂಡ್ ಕೂತ್ಕೊಳ್ರೇ! ಬಗ್ಗಿದ್ರೆ ಹೆಸರು ಕಾಣುತ್ತೆ!" ಗುರುರಾಜ್ ಕೂಗಿದ.

"ಒರಗ್ಕಂಡ್ರೆ ಟೇಬ್ಲು ಎಟುಕಾಕಿಲ್ಲ ಸಾ."

"ಎಟುಕ್ದಿದ್ರೆ ಬಿಡು, ಸುಮ್ನೆ ಕತ್ರಿ ಆಡಿಸ್ತಿರು!"

ಹಾಗಾಗಿ ಜರ್ಮನಿಯವನು ಬಂದಾಗ ನಲವತ್ತು ಹೆಂಗಸರು ಆರಾಮಾಗಿ ಒರಗಿಕೊಂಡು ಗಾಳಿ ಕತ್ತರಿಸುತ್ತಿದ್ದರು. ಅವನು ತಲೆದೂಗಿ ಕಾಗದದಲ್ಲಿ ಗುರುತು ಹಾಕಿಕೊಂಡ. ರಾಣಿಯ ಊದಿದ ಕಾಲಿನ ಸೆಳೆತ ಇಳಿಯಿತು. ಹೊಟ್ಟೆಯೊಳಗಿನದೂ ಮಗ್ಗುಲು ಬದಲಿಸಿ ಸುಮ್ಮನಾಯಿತು.

ಅವನು ಆಚೆ ಹೋದದ್ದೇ ತಡ, "ಏಳ್ರೇ, ಏಳ್ರೇ!"

"ಬೇಗ ಸಾ," ಟೆಂಪೋ ಯಂಕಪ್ಪ ಗೋಗರೆದ. "ಚಿಕ್ಕಬಾಣಾವರದಾಗೆ ಬೀಗ್ರೂಟ. ಜನ ಎಲೆ ಮುಂದೆ ನಿಂತವ್ರೆ!"

ಮೂವತ್ತೊಂಬತ್ತು ಕುರ್ಚಿ ಒಂದರೊಳಗೊಂದು ಸೇರಿ ಟೆಂಪೋ ಹತ್ತಿದವು. ರಾಣಿ ಏಳಲಿಲ್ಲ.

"ಎದ್ದೇಳೇ ಮುಂಡೆ!"

"ಕುಂತ್ಕಾ ಅಂತ ಅಗ್ರಿಮೆಂಟ್ನಾಗೆ ಐತಲ್ಲ ಸಾ. ಕುಂತಿವ್ನಿ."

ಗುರುರಾಜ್‌ಗೆ ನೆತ್ತಿಗೇರಿತು. "ಎತ್ರೋ ಇವಳ್ ಸಮೇತ! ಬೀಗ್ರೂಟ ಉಂಡ್ಕೊಂಡೇ ಬರ್ಲಿ!"

ಇಬ್ಬರು ಹಮಾಲರು ಮದುವಣಗಿತ್ತಿಯನ್ನು ಎತ್ತುವಂತೆ ಜೋಪಾನವಾಗಿ ಎತ್ತಿ ತೆರೆದ ಟೆಂಪೋದಲ್ಲಿಟ್ಟರು. "ಅಯ್ಯೋ, ಗಟ್ಟಿಯಾಗಿ ಇಡ್ಕಳೇ!" ಚಿಕ್ಕಮುನಿಯಮ್ಮ ನಗುತ್ತಲೇ ಅಳುತ್ತಿದ್ದಳು.

ಗೇಟಿನಲ್ಲಿ ಕಾರು ಅಡ್ಡ ನಿಂತಿತ್ತು. ಜರ್ಮನಿಯವನು ಅದರ ಬಾನೆಟ್ಟಿನ ಮೇಲೆ ಕಾಗದ ಹರಡಿ, ಸಹಿ ಹಾಕಲು ಪೆನ್ನಿನ ಕ್ಯಾಪು ತೆಗೆಯುತ್ತಿದ್ದ. ಯಂಕಪ್ಪ ಹಾರನ್ ಬಾರಿಸಿದ. ಅವನು ತಲೆಯೆತ್ತಿ, ಕುರ್ಚಿಯ ಮೇಲಿನ ಹೆಂಗಸನ್ನು ಗುರುತು ಹಿಡಿದು, ನಗುತ್ತ ಕೈ ಬೀಸಿದ.

ಹಿಂದಿನಿಂದ ಗುರುರಾಜ್ ಓಡಿ ಬಂದ. "ಏಳ್ಬೇಡ ಕಣಮ್ಮಾ! ಕೂತಿರು, ಕೂತಿರು ತಾಯಿ!"

ರಾಣಿ ತಾನಾಗಿಯೇ ಎದ್ದಳು. ಪಕ್ಕಕ್ಕೆ ಸರಿದು, ಒರಗಿದ ಜಾಗದ ಬೆವರನ್ನು ಸೆರಗಿನಿಂದ ಚೆನ್ನಾಗಿ ಒರೆಸಿದಳು.

ಜರ್ಮನಿಯವನು ಕನ್ನಡಕ ಸರಿಮಾಡಿಕೊಂಡು ಕುರ್ಚಿಯ ಮೇಲಿನ ದಪ್ಪ ಅಕ್ಷರಗಳನ್ನು ಓದತೊಡಗಿದ.