ಗಟ್ಟಿ ಅರಿವೆ ಸಿಗುವ ತನಕ

ಅಂದು ಬೆಳಗ್ಗೆ ಮರಾಠಿ ನಾಡಿನ ಚಿಕಲಠಾಣಾದ ವಿಮಾನ ನಿಲ್ದಾಣದ ಮೇಲೆ ಮಂಜು ದಟ್ಟವಾಗಿ ಇಳಿದಿತ್ತು. ವಿಮಾನದ ಸದ್ದು ಕೇಳುತ್ತಿತ್ತು, ವಿಮಾನ ಕಾಣುತ್ತಿರಲಿಲ್ಲ. ಕಟ್ಟಡ ಕೆಲಸಗಾರರ ತಗಡಿನ ಶೆಡ್ಡಿನ ಮುಂದೆ ಹನುಮವ್ವ ಒಲೆಯ ಕಾವಿಗೆ ಕುಳಿತು ಕೌದಿ ಹೊಲಿಯುತ್ತಿದ್ದಳು. ಬಾದಾಮಿ ಕಡೆಯಿಂದ ದುಡಿಯಲು ಬಂದು ಹದಿನೈದು ವರ್ಷವಾದರೂ ಆಕೆ ಸೂಜಿ ಬಿಟ್ಟಿರಲಿಲ್ಲ.

ಮಡಿಲಲ್ಲಿದ್ದವು ರಂಜನಿಯವರ ತೀರಿಹೋದ ತಾಯಿಯ ಸೀರೆಗಳು. ಧಾರವಾಡದಿಂದ ವರ್ಗವಾಗಿ ಬಂದ, ಬ್ಯಾಂಕಿನ ರಂಜನಿ, ಅವನ್ನು ಕೌದಿ ಮಾಡಿಕೊಡಿ ಎಂದು ಆರು ತಿಂಗಳ ಹಿಂದೆಯೇ ಕೊಟ್ಟಿದ್ದರು. ಕೆಲಸ ಮುಗಿದಿರಲಿಲ್ಲ. ಹನುಮವ್ವನ ಎಡಗಣ್ಣಿನ ಕೆಳಗೆ ಕಾಳಿನಷ್ಟಿದ್ದ ಕಪ್ಪು ಗುಳ್ಳೆ ಈಗ ಹುಣ್ಣಾಗಿತ್ತು. ಒಣಗಿದಂತಾಗುವುದು, ಮತ್ತೆ ರಕ್ತ ಜಿನುಗುವುದು. ನೋವಿಲ್ಲವಲ್ಲ ಎಂದು ಸುಣ್ಣ ಹಚ್ಚಿ ಸುಟ್ಟುಕೊಂಡಿದ್ದಳು. ಈಚೆಗೆ ಕೆಳರೆಪ್ಪೆ ಬಿಗಿಯತೊಡಗಿ, ಸೂಜಿಗೆ ದಾರ ಪೋಣಿಸಲು ಸೊಸೆ ದಾನಮ್ಮನನ್ನು ಕರೆಯಬೇಕಾಗುತ್ತಿತ್ತು.

ರಂಜನಿಯೇ ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದ್ದರು. ಚರ್ಮದ ಕ್ಯಾನ್ಸರ್, ಈಗಲೇ ತೆಗೆದರೆ ಗುಣವಾಗುತ್ತದೆ, ಬಿಟ್ಟರೆ ಕಣ್ಣಿಗೂ ಹಬ್ಬುತ್ತದೆ ಎಂದರು ವೈದ್ಯರು. ನಾಶಿಕದಿಂದ ಡಾಕ್ಟರ್ ಮೃಣಾಲಿನಿ ಬಂದು, ಐವರು ವೈದ್ಯರಿಗೆ ಈ ಶಸ್ತ್ರಚಿಕಿತ್ಸೆಯ ಮೂಲಪಾಠ ಕಲಿಸುವ ವಾರ ಅದು. ಆಗಲೇ ಮಾಡೋಣ ಎಂದರು. ಅದನ್ನು ಕೇಳಿದ್ದ ಹನುಮವ್ವ, ಅಂದು ಕರೆದೊಯ್ಯಲು ರಂಜನಿ ಶೆಡ್ಡಿಗೆ ಬಂದಾಗ ಹಿಂದೆಗೆದಳು.

“ಕಲಿಯೋರ ಕೈಯಾಗ ನನ್ನ ಮಾರಿ ಕೊಡಂಗಿಲ್ರಿ ಬಾಯಾರ. ನಾ ಏನ್ ಚಿಂದಿ ಅರಿವಿ ಏನ್ರಿ?”

ರಂಜನಿ ವಾದ ಮಾಡಲಿಲ್ಲ. “ಮಾಡಿಸ್ಕೋಬ್ಯಾಡ್ರಿ. ಅವರು ಹೊಲಿಗಿ ಕಲಿಯೋದು ಬರೇ ನೋಡಿ ಬರೋಣ ನಡೀರಿ. ಹೊಲಿಗಿ ವಿಷಯ ನಿಮಗ ಗೊತ್ತಿದ್ದಷ್ಟು ನನಗ ಗೊತ್ತಿಲ್ಲ.”

ಆಸ್ಪತ್ರೆಯ ಕೋಣೆಯಲ್ಲಿ ವೈದ್ಯರು ಸ್ಪಂಜಿನ ತುಂಡುಗಳ ಮೇಲೆ ಹೊಲಿಗೆ ಕಲಿಯುತ್ತಿದ್ದರು. ಅವರಲ್ಲಿ ತನ್ಮಯ ಎಂಬ ಹುಡುಗ ಕನ್ನಡದವರ ಮಗ. ಇಲ್ಲೇ ಬೆಳೆದವನು, ಕನ್ನಡ ತಿಳಿಯುತ್ತಿತ್ತು, ಆಡಲು ತಡವರಿಸುತ್ತಿದ್ದ. ಅವನ ಹೊಲಿಗೆ ಬಿಗಿಯಾಗಿ ಸ್ಪಂಜು ಸುಕ್ಕುಗಟ್ಟಿತು. ಮೃಣಾಲಿನಿ ದಾರ ಕತ್ತರಿಸಿ ಮತ್ತೆ ಹಾಕಿಸಿದರು. ಮೂರನೆಯ ಸಲವೂ ಕತ್ತರಿಸಿದಾಗ ಹನುಮವ್ವ ತಡೆಯಲಾರದೆ ಬಾಗಿದಳು.

“ಜಗ್ಗಬ್ಯಾಡೋ ಯಪ್ಪಾ. ಅಂಚಿಗೆ ಅಂಚು ಮುಟ್ಟಿದ್ರ ಸಾಕು.”

“ಹೋ ಅಜ್ಜಿ. ಮ್ಯಾಡಮ್ ಪಣ್ ಅದೇ ಹೇಳ್ತಾರ,” ಎಂದು ತನ್ಮಯ ಮರಾಠಿ ಬೆರೆಸಿ ಒಪ್ಪಿಕೊಂಡು ನಕ್ಕ.

ಆಮೇಲೆ ಮೃಣಾಲಿನಿ ಕಲಿಯುವವರಿಗೆ ಮರಾಠಿಯಲ್ಲಿ ಒಂದು ಪ್ರಶ್ನೆ ಹಾಕಿದರು. ಕಣ್ಣಿಗೆ ಕಂಡಷ್ಟು ಹುಣ್ಣು ತೆಗೆದರೆ ಸಾಕೆ? ರಂಜನಿ ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಉತ್ತರ ಹನುಮವ್ವನ ಬಾಯಿಂದ ಬಂತು.

“ಕಂಡಷ್ಟ ಕತ್ತರಿಸಿದ್ರ ತ್ಯಾಪಿ ನಿಲ್ಲಂಗಿಲ್ರಿ. ಸುತ್ತ ಗಟ್ಟಿ ಅರಿವಿ ಸಿಗೂತನಕಾ ತೆಗೀಬೇಕು.”

ಇವತ್ತಿನ ಪಾಠವೇ ಅದು ಎಂದರು ಮೃಣಾಲಿನಿ. ಇಂಥ ಹುಣ್ಣಿನ ಸುತ್ತ ಜೋಳದ ಕಾಳಿನಗಲ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯಬೇಕು. ತೆಗೆದ ತುಂಡಿನ ಒಂದು ಬದಿಗೆ ಗುರುತಿನ ದಾರ ಹಾಕಿ ಪರೀಕ್ಷೆಗೆ ಕಳಿಸಬೇಕು. ಯಾವ ಅಂಚಿನಲ್ಲಾದರೂ ರೋಗ ಉಳಿದಿದ್ದರೆ ಆ ದಾರದಿಂದ ಜಾಗ ತಿಳಿಯುತ್ತದೆ. ಸಿಲ್ಲೋಡಿನಂಥ ಸಣ್ಣ ಊರಿನ ವೈದ್ಯರಿಗೂ ಇಷ್ಟು ಬಂದರೆ ಜನ ದೊಡ್ಡಾಸ್ಪತ್ರೆ ದೂರವೆಂದು ರೋಗ ಬೆಳೆಸಿಕೊಂಡು ಕೂರುವುದಿಲ್ಲ. ಕತ್ತರಿಸುವುದು ತಾನು, ಹೊಲಿಯುವುದು ತನ್ಮಯ, ಅದೂ ಹನುಮವ್ವ ಒಪ್ಪಿದರೆ ಮಾತ್ರ ಎಂದೂ ಹೇಳಿದರು.

ಹನುಮವ್ವ ಕಣ್ಣು ಮುಚ್ಚಿ ಮನೆದೇವರನ್ನು ನೆನೆದಳು. ಬಳಿಕ ಕೇಳಿದಳು:

“ಹೊಲಿಗಿ ತಪ್ಪಿದ್ರ ಬಿಚ್ಚಸ್ತಾರೇನ್ರಿ?”

ರಂಜನಿ ಕೇಳಿ ಹೇಳಿದರು. “ಅಲ್ಲೇ ಬಿಚ್ಚಸ್ತಾರಂತ್ರಿ.”

“ಹಂಗಾರ ಆತು. ನಾನೂ ಸೊಸಿಗೆ ಹಂಗ ಕಲಿಸೀನಿ.”

ಮರುದಿನ ಆ ಜಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಟ್ಟು ಹುಣ್ಣು ತೆಗೆದರು. ಸಂಜೆಗೆ ಆಕೆ ಮನೆಯಲ್ಲಿದ್ದಳು. ಗಾಯ ಕೂಡಿ, ವಾರದಲ್ಲಿ ಹೊಲಿಗೆಯ ದಾರ ತೆಗೆದರು. ಅಂಚುಗಳೆಲ್ಲ ಶುದ್ಧ ಎಂದು ವರದಿ ಬಂತು. ರೆಪ್ಪೆ ಸಡಿಲವಾಯಿತು.

ತಾಯಂದಿರೇ, ಅಣ್ಣಂದಿರೇ, ದೇವರು ಹೊದಿಸಿ ಕಳಿಸಿದ ಚರ್ಮವನ್ನು ಆಗಾಗ ಬೆಳಕಿನಲ್ಲಿ ನೋಡಿಕೊಳ್ಳಿ. ತಿಂಗಳಾದರೂ ಮಾಯದ ಹುಣ್ಣು, ಬೆಳೆಯುವ ಇಲ್ಲವೆ ಬಣ್ಣ ಬದಲಿಸುವ ಮಚ್ಚೆ, ಅಂಗಾಲಿನ ಹೊಸ ಕಪ್ಪು ಕಲೆ ಕಂಡರೆ, ನೋವಿಲ್ಲದಿದ್ದರೂ ವೈದ್ಯರಿಗೆ ತೋರಿಸಿ. ಸುಣ್ಣ ಹಚ್ಚಬೇಡಿ, ಬ್ಲೇಡು ಹಾಕಬೇಡಿ. ಕಲಿಯುವ ವೈದ್ಯರಿದ್ದಾರೆಂದು ಬಾಗಿಲಿಂದಲೇ ತಿರುಗಬೇಡಿ. ಪಕ್ಕದಲ್ಲಿ ಕಲಿಸುವವರು ಯಾರು ಎಂದು ಕೇಳಿ. ಕೇಳುವ ಹಕ್ಕು ನಿಮ್ಮದು.

ಮೊನ್ನೆ ಸಂಜೆ ಹನುಮವ್ವ ರಂಜನಿಯವರ ಮನೆಗೆ ಹೋದಳು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುನ್ನ ತಮ್ಮ ಕಡೆಯ ವಾಡಿಕೆಯಂತೆ ಒಳಗೆ ನಾಲ್ಕು ಜೋಳದ ಕಾಳು ಇಟ್ಟಿದ್ದಳು, ಹಸಿದ ಹೊಟ್ಟೆಯ ಕೌದಿ ಯಾರಿಗೂ ಕೊಡಬಾರದೆಂದು. ದಾರವನ್ನು ತಾನೇ ಪೋಣಿಸಿದ್ದಳು. ಕೌದಿಯಾದ ಆ ತಾಯಿಯ ಸೀರೆಗಳನ್ನು ಮಗಳ ಎರಡೂ ಕೈಯಲ್ಲಿ ಇಟ್ಟು ಮೆಟ್ಟಿಲಿಳಿದಳು.